ಕಿತ್ತವನಿಗೆ ಶಿಕ್ಷೆ, ಹೂತವರಿಗೆ ಪರವಾನಗಿ

ಕಡಲಂಚಿನ ಬಂಡೆಗಳ ಅಪರೂಪದ ಗಿಡಗಳನ್ನು ಕಾಯುವ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ಸಾಯದೆ ಉಳಿದ ತಪ್ಪಿಗೆ ನೀವು ನನ್ನ ಅಣ್ಣನಿಗೆ ಶಿಕ್ಷೆ ಕೊಡಿಸಿದಿರಿ. ನನ್ನ ದೂರು ಇಷ್ಟೇ. ನಿಮ್ಮ ಕಡತದಲ್ಲಿ ಅವನ ಅಪರಾಧಕ್ಕೆ ಇನ್ನಷ್ಟು ಗಂಭೀರವಾದ ಹೆಸರಿದೆ: ಸಂರಕ್ಷಿತ ರಾಷ್ಟ್ರೀಯ ಸಸ್ಯವನ್ನು ಬೇರುಸಹಿತ ಕಿತ್ತದ್ದು. ಅದೇ ಬಂಡೆಯಲ್ಲಿ, ಅದೇ ಗಿಡಗಳು ತುಂಬಿದ್ದ ಇಳಿಜಾರಿನ ಮೇಲೆ ಲಾರಿಗಟ್ಟಲೆ ಕಲ್ಲುಮಣ್ಣು ಸುರಿದವರಿಗೆ ಮಾತ್ರ ನಿಮ್ಮ ಕಡತದಲ್ಲಿ ‘ಅಪರಾಧಿ’ ಎಂಬ ಹೆಸರಿಲ್ಲ, ‘ಅರ್ಜಿದಾರರು’ ಎಂಬ ಹೆಸರಿದೆ. ಅವರ ಎರಡನೆಯ ಅರ್ಜಿ ಈಗ ನಿಮ್ಮ ಸಹಿಗಾಗಿ ಮೇಜಿನ ಮೇಲೆ ಕಾದಿದೆಯಂತೆ. ಸಹಿ ಬೀಳುವ ಮೊದಲು ನಡೆದದ್ದನ್ನೆಲ್ಲ ಒಮ್ಮೆ ಹೇಳಿಬಿಡುತ್ತೇನೆ. ಓದುವ ಪುರುಸೊತ್ತು ನಿಮಗಿಲ್ಲದಿದ್ದರೆ ಈ ಪತ್ರ ಅಚ್ಚಾಗುವ ಪತ್ರಿಕೆಯ ಓದುಗರಾದರೂ ಓದಲಿ.

ನನ್ನ ಅಣ್ಣ ಕಾಲ್ಚಿದೊನ್ ಗೋಜೊ ದ್ವೀಪದ ತೆಂಕಣ ಬಂಡೆಗಳ ಮೇಲೆಯೇ ಹುಟ್ಟಿ ಬೆಳೆದವನು. ಅಂಚೆ ಕಚೇರಿಯ ಕೆಲಸದಿಂದ ನಿವೃತ್ತನಾದ ಮೇಲೆ ನನ್ನ ದಿನಸಿ ಅಂಗಡಿಯಲ್ಲಿ ಕೂರುತ್ತಿದ್ದ. ಮದುವೆಯಾಗಲಿಲ್ಲ. ನಾನೂ ಆಗಲಿಲ್ಲ, ಹಾಗಾಗಿ ಇಬ್ಬರೂ ಒಂದೇ ಮನೆಯಲ್ಲಿ ಒಬ್ಬರನ್ನೊಬ್ಬರು ಗದರಿಕೊಂಡು ಸುಖವಾಗಿದ್ದೆವು. ಬೇಸಿಗೆ ಶುರುವಾದರೆ ಬಂಡೆಯ ಸಂದುಗಳಲ್ಲಿ ಬೆಳೆಯುವ ಕಪ್ಪರ್ ಎಂಬ ಕುರುಚಲು ಗಿಡದ ಮೊಗ್ಗು ಬಿಡಿಸಿಕೊಂಡು ಬರುತ್ತಿದ್ದ. ಉಪ್ಪಿನಲ್ಲಿ ಹಾಕಿಟ್ಟ ಆ ಮೊಗ್ಗಿಲ್ಲದಿದ್ದರೆ ಎಣ್ಣೆ, ಟೊಮೆಟೊ ಸವರಿದ ರೊಟ್ಟಿ ನಮ್ಮ ಗಂಟಲಲ್ಲಿ ಇಳಿಯುವುದಿಲ್ಲ. ನಿಮ್ಮ ಗಂಟಲಲ್ಲೂ ಇಳಿಯಲಿಕ್ಕಿಲ್ಲ.

ಹೋದ ವರ್ಷ ಮೇ ಕೊನೆಯಲ್ಲಿ ಹಾಗೆ ಹೋದವನ ಕಾಲಡಿಯ ಸುಣ್ಣಕಲ್ಲು ಮುರಿಯಿತು. ಕೆಳಗೆ ಕಡಲು. ಜಾರುತ್ತಾ ಕೈಗೆ ಸಿಕ್ಕಿದ ಪೊದೆಯೊಂದನ್ನು ಹಿಡಿದುಕೊಂಡ. ಅದು ಕಡಲಕಿವಿ. ಕಿವಿಯ ಹಾಗೆ ಮಂದವಾದ ಎಲೆಯ, ನೇರಳೆ ಹೂವಿನ, ಸೇವಂತಿಗೆಯ ಕುಲದ ಆ ಗಿಡ ಭೂಮಿಯ ಮೇಲೆ ನಮ್ಮ ದ್ವೀಪಗಳನ್ನು ಬಿಟ್ಟರೆ ಇನ್ನೆಲ್ಲಿಯೂ ಇಲ್ಲವೆಂದು ಶಾಲೆಯಲ್ಲಿ ನಮಗೆಲ್ಲ ಬಾಯಿಪಾಠ ಮಾಡಿಸಿದ್ದರು. ಕಲ್ಲಿನ ಸಂದಿಗೆ ಬೇರಿಳಿಸಿದ್ದ ಅದು ಅವನ ಭಾರವನ್ನು ಸ್ವಲ್ಪ ಹೊತ್ತು ತಡೆಯಿತು. ಅಷ್ಟರಲ್ಲಿ ಅವನ ಕಾಲಿಗೆ ಕೆಳಗೊಂದು ಕಲ್ಲಿನ ಚಾಚು ಸಿಕ್ಕಿತು. ಆಮೇಲೆ ಗಿಡ ಬೇರುಸಹಿತ ಕಿತ್ತು ಬಂತು. ಅಣ್ಣ ಆ ಚಾಚಿನ ಮೇಲೆಯೇ ಬಿದ್ದು ಸೊಂಟದ ಮೂಳೆ ಮುರಿದುಕೊಂಡ.

ಹಗ್ಗ ಹಾಕಿ ಎತ್ತಿದವರು ನಮ್ಮ ನೆರೆಮನೆಯ ಸಾಲ್ವು ಮತ್ತು ಅಗ್ನಿಶಾಮಕ ದಳದವರು. ಸ್ಟ್ರೆಚರಿನ ಮೇಲೆ ಮಲಗಿಸಿದಾಗಲೂ ಗಿಡ ಅಣ್ಣನ ಮುಷ್ಟಿಯಲ್ಲಿತ್ತು. ಬೆರಳು ಬಿಡಿಸಲು ಆಗಿರಲಿಲ್ಲ. ಪತ್ರಿಕೆಯವರು ಆ ಫೋಟೋ ಹಾಕಿ, ರಾಷ್ಟ್ರೀಯ ಸಸ್ಯವು ಪ್ರಜೆಯನ್ನು ಉಳಿಸಿತೆಂದು ಬರೆದರು. ಊರಲ್ಲಿ ಓದಿದವರೆಲ್ಲ ಕಣ್ಣೊರೆಸಿಕೊಂಡರು. ನಿಮ್ಮ ಕಚೇರಿಯವರು ಆ ಫೋಟೋವನ್ನು ಕತ್ತರಿಸಿ ಸಾಕ್ಷ್ಯವೆಂದು ಅಂಟಿಸಿಕೊಂಡರು.

ಆಸ್ಪತ್ರೆಗೆ ಬಂದ ನಿಮ್ಮ ಅಧಿಕಾರಿ ಒರಟರೇನೂ ಅಲ್ಲ. ಕುರ್ಚಿ ಎಳೆದುಕೊಂಡು ಕೂತು, ಮೊದಲು ಆರೋಗ್ಯ ವಿಚಾರಿಸಿದರು. ಆಮೇಲೆ ಕೇಳಿದರು: “ನೀವು ಬೇರೆ ಏನನ್ನಾದ್ರೂ ಹಿಡ್ಕೋಬಹುದಿತ್ತಲ್ಲ?”

“ಪಕ್ಕದಲ್ಲಿ ಗಾಳಿ ಇತ್ತು ಸಾರ್, ಅಷ್ಟೇ,” ಎಂದ ಅಣ್ಣ.

ಅವನು ತಮಾಷೆ ಮಾಡಲಿಲ್ಲ. ಅವನಿಗೆ ತಮಾಷೆ ಬರುವುದಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟ, ಅಷ್ಟೇ. ಆಮೇಲೆ ಅವನೇ ಒಂದು ಪ್ರಶ್ನೆ ಕೇಳಿದ. ಗಿಡ ಎಲ್ಲಿದೆ, ಮತ್ತೆ ನೆಟ್ಟರೆ ಬದುಕೀತೇ ಎಂದು. ಅದು ಪ್ರಕರಣದ ವಸ್ತು, ಮೊಹರು ಮಾಡಿಯಾಗಿದೆ, ನೆಡಲು ಬರುವುದಿಲ್ಲ ಎಂದರು ಅಧಿಕಾರಿ. ನ್ಯಾಯಾಲಯದಲ್ಲಿ ಅದನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ತೋರಿಸಿದಾಗ ಎಲೆಗಳು ಪುಡಿಯಾಗಿ ಮೇಜಿನ ಮೇಲೆ ಉದುರಿದವು. ಪ್ರಾಣ ಉಳಿಸಿಕೊಳ್ಳಲು ಹಿಡಿದದ್ದೆಂದು ವಾದಿಸೋಣವೆಂದು ನಮ್ಮ ವಕೀಲರು ಎಷ್ಟೋ ಹೇಳಿದ್ದರು. ಆದರೆ ನ್ಯಾಯಾಧೀಶರು “ಕಿತ್ತದ್ದು ಹೌದೇ?” ಎಂದು ಕೇಳಿದ ಕೂಡಲೇ ಅಣ್ಣ ಊರುಗೋಲಿನ ಮೇಲೆ ಎದ್ದು ನಿಂತು “ಹೌದು” ಎಂದುಬಿಟ್ಟ. ದಂಡ ಬಿತ್ತು. ಮೇಲ್ಮನವಿ ಬೇಡವೆಂದ. ಆ ಗಿಡ ತನ್ನಿಂದ ಸತ್ತಿತೆಂಬ ಕೊರಗು ಅವನಿಗೆ ನಿಮಗಿಂತ ಹೆಚ್ಚಾಗಿತ್ತು, ಮಾನ್ಯರೇ. ಊಟಕ್ಕೆ ಕೂತರೂ ಅದೇ ಮಾತು.

ನಮ್ಮ ಊರಲ್ಲಿ ಎಲ್ಲರಿಗೂ ಒಂದೊಂದು ಅಡ್ಡಹೆಸರು. ಅಣ್ಣನಿಗೆ ಅಷ್ಟು ವರ್ಷ ಇರಲಿಲ್ಲ, ಈಗ ಬಂತು. ಅಂಗಡಿಗೆ ಬಂದವರೆಲ್ಲ “ಏನಪ್ಪಾ ಕಿವೀ, ಚೆನ್ನಾಗಿದ್ದೀಯಾ?” ಎನ್ನತೊಡಗಿದರು. ಸಾಲ್ವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇವನ ಪಕ್ಕ ಕೊತ್ತಂಬರಿ ಸೊಪ್ಪು ಇಡಬೇಡ ದೊಲೊ, ಅಧಿಕಾರಿಗಳು ಬಂದಾರು ಎಂದು ನನ್ನನ್ನು ಎಚ್ಚರಿಸುತ್ತಿದ್ದ. ಅಣ್ಣ ನಗುತ್ತಲೂ ಇರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ. ಈ ವರ್ಷ ಹೂ ಬಿಡುವ ಹೊತ್ತಿಗೆ ನನ್ನನ್ನು ಕರೆದು, ಬಂಡೆಯ ಅಂಚಿಗೆ ಹೋಗಿ ಉಳಿದ ಗಿಡಗಳು ಹೇಗಿವೆ ನೋಡಿಕೊಂಡು ಬಾ ಎಂದ. ತನಗಂತೂ ಅಷ್ಟು ದೂರ ನಡೆಯಲಾಗದು.

ಹೋದೆ. ಅಂಚಿನ ಮೇಲೆ ಕಡಲು ಕಾಣುವ ಹೋಟೆಲ್ ಏಳುತ್ತಿದೆಯಲ್ಲ, ಅದಕ್ಕಾಗಿ ನೆಲ ಸಮ ಮಾಡುತ್ತಿದ್ದರು. ಅಗೆದ ಕಲ್ಲುಮಣ್ಣನ್ನು ದೂರ ಸಾಗಿಸುವ ಗೋಜಿಲ್ಲದೆ ಯಂತ್ರದಿಂದ ಅಂಚಿನಾಚೆ ನೂಕುತ್ತಿದ್ದರು. ಹೊಟ್ಟೆಯ ಮೇಲೆ ಮಲಗಿ ಕೆಳಗೆ ಇಣುಕಿದೆ. ಹೋದ ವರ್ಷ ನೇರಳೆಯಾಗಿದ್ದ ಇಳಿಜಾರು ಮೇಲಿನಿಂದ ಕಡಲಿನವರೆಗೂ ಬೆಳ್ಳಗಿತ್ತು. ಒಂದೆರಡು ರೆಂಬೆಗಳು ಮಾತ್ರ ಕಲ್ಲಿನ ನಡುವೆ ತಲೆ ಎತ್ತಿದ್ದವು, ಅವುಗಳ ಮೇಲೂ ಧೂಳು.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಯಾರಾದರೂ ಗಿಡ ಕಿತ್ತದ್ದನ್ನು ನೋಡಿದಿರಾ ಎಂದು ಕೇಳಿದರು. ಕಿತ್ತಿಲ್ಲ, ಹೂತಿದ್ದಾರೆ ಎಂದೆ. ಆ ಕಡೆ ಕಾಗದ ಮಗುಚುವ ಸದ್ದು ಕೇಳಿಸಿತು. ಕಾನೂನಿನಲ್ಲಿ ಕೀಳುವುದು, ಕಡಿಯುವುದು, ಸುಡುವುದು, ಮಾರುವುದು ಇವೆಯಂತೆ, ಹೂಳುವುದು ಇಲ್ಲವಂತೆ. ಹೋಗಲಿ, ಒಮ್ಮೆ ಬಂದು ನೋಡಿ ಎಂದೆ. ಬಂದರು, ನೋಡಿದರು. ವರದಿಯ ಪ್ರತಿ ನನಗೂ ಬಂತು: ಸ್ಥಳದಲ್ಲಿ ಸಂರಕ್ಷಿತ ಸಸ್ಯಗಳು ಕಂಡುಬಂದಿಲ್ಲ. ಹೇಗೆ ಕಾಣಬೇಕು, ಮಾನ್ಯರೇ? ಹೆಣದ ಮೇಲೆ ಮಣ್ಣೆಳೆದ ಮೇಲೆ ಸ್ಮಶಾನಕ್ಕೆ ಹೋಗಿ, ಇಲ್ಲಿ ಯಾರೂ ಸತ್ತಿಲ್ಲ ಎಂದು ಬರೆಯುವ ವೈದ್ಯರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಅಣ್ಣನಿಗೆ ನಿಜ ಹೇಳಿದೆ. ಅವನು ನಂಬಲಿಲ್ಲ. ಸಾಲ್ವು ತನ್ನ ಗಾಡಿಯಲ್ಲಿ ಅವನನ್ನು ಅಂಚಿನವರೆಗೆ ಕರೆದೊಯ್ದ. ಇಬ್ಬರೂ ಎರಡು ಕಡೆ ರಟ್ಟೆ ಹಿಡಿದು ನಿಲ್ಲಿಸಿದೆವು. ಬಹಳ ಹೊತ್ತು ನೋಡಿದ. ಪಡುವಣ ಮಗ್ಗುಲಿನ ಬಂಡೆಯಲ್ಲಿ ಕೆಲವು ಪೊದೆಗಳು ಇನ್ನೂ ಹೂ ಬಿಟ್ಟುಕೊಂಡಿದ್ದವು. ಅದರ ನೆತ್ತಿಯ ಮೇಲೆ ಹೋಟೆಲಿನ ಎರಡನೆಯ ಹಂತಕ್ಕೆ ಗೂಟ ಹೊಡೆದಿದ್ದರು. “ಆ ಮಗ್ಗುಲಿಗೆ ಕೈ ಹಾಕೋ ಮೊದ್ಲು ಯಾರಾದ್ರೂ ಹೇಳ್ಬೇಕು,” ಎಂದ.

ಎರಡನೆಯ ಹಂತದ ಬಗ್ಗೆ ಸಾರ್ವಜನಿಕರ ಅಹವಾಲು ಕೇಳುತ್ತೇವೆಂದು ನೀವೇ ಪ್ರಕಟಣೆ ಕೊಟ್ಟಿರಿ. ಅಣ್ಣ ಭಾನುವಾರದ ಕೋಟು ಹಾಕಿಕೊಂಡು ಹೊರಟ. ದೋಣಿ ಹತ್ತಿ, ದೋಣಿ ಇಳಿದು, ಬಸ್ಸಿನ ಮೆಟ್ಟಿಲನ್ನು ನೋವು ನುಂಗಿಕೊಂಡು ಹತ್ತಿ, ದೊಡ್ಡ ದ್ವೀಪದ ನಿಮ್ಮ ಸಭಾಂಗಣಕ್ಕೆ ಬಂದ. ಸರದಿ ಬಂದಾಗ ಎದ್ದು, ಪಡುವಣ ಮಗ್ಗುಲಲ್ಲಿ ಕಡಲಕಿವಿ ಇದೆ, ನಾನು ಕಣ್ಣಾರೆ ನೋಡಿದ್ದೇನೆ ಎಂದ. ಇನ್ನೇನೋ ಹೇಳುವುದಿತ್ತು. ಅರ್ಜಿದಾರರ ವಕೀಲರು ಕೈ ಎತ್ತಿದರು. ಈ ಮಹನೀಯರು ಇದೇ ಸಸ್ಯವನ್ನು ನಾಶ ಮಾಡಿ ಶಿಕ್ಷೆಗೊಳಗಾದವರು, ದ್ವೀಪದಲ್ಲಿ ಅಂಥವರು ಇವರೊಬ್ಬರೇ, ಇವರ ಹೇಳಿಕೆಯನ್ನು ಎಷ್ಟರ ಮಟ್ಟಿಗೆ ನಂಬಬೇಕೆಂದು ಸಭೆ ಯೋಚಿಸಲಿ ಎಂದರು. ಸಭೆ ಯೋಚಿಸಿತು. ಅಧ್ಯಕ್ಷಪೀಠದಲ್ಲಿದ್ದವರು ನೀವು, ಮಾನ್ಯರೇ. ಕನ್ನಡಕ ಸರಿಮಾಡಿಕೊಂಡು ಹೇಳಿದಿರಿ: “ದಾಖಲಾಗಿದೆ. ತಾವು ಕೂತ್ಕೊಳ್ಳಿ.”

ಅವನು ಕೂತ. ಒಬ್ಬಿಬ್ಬರು ನಕ್ಕರು. ನಾನು ಎದ್ದು ಏನೇನೋ ಅಂದೆ, ಅದು ದಾಖಲಾಗಲಿಲ್ಲ.

ಮರಳುವಾಗ ದೋಣಿಯ ಮೇಲಂತಸ್ತಿನಲ್ಲಿ ಕೂತಿದ್ದೆವು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನು ಶಾಂತವಾಗಿದ್ದ.

“ಅವ್ರು ಹೇಳಿದ್ರಲ್ಲಿ ಸುಳ್ಳೇನಿದೆ ದೊಲೊ? ಕಿತ್ತಿದ್ದು ನಾನೇ ಅಲ್ವಾ?”

“ಹಾಗಾದ್ರೆ ಕೈ ಬಿಟ್ಟು ಬೀಳ್ಬೇಕಿತ್ತಾ ನೀನು?”

ಅವನು ನೀರು ನೋಡುತ್ತಾ ಅಂದ: “ಬಿದ್ದಿದ್ರೆ ಆ ಒಂದು ಗಿಡಾನಾದ್ರೂ ಉಳೀತಿತ್ತು ಅಂತ ಇಷ್ಟು ದಿನ ಅನ್ನಿಸ್ತಿತ್ತು. ಈಗ ಹಾಗೂ ಅನ್ಕೊಳ್ಳೋ ಹಾಗಿಲ್ಲ. ಅದನ್ನೂ ಹೂತೇ ಹಾಕ್ತಿದ್ರು.”

ನನ್ನ ಬೇಡಿಕೆ ದೊಡ್ಡದಲ್ಲ. ಸಹಿ ಹಾಕುವ ಮೊದಲು ಒಂದು ದೋಣಿ ಮಾಡಿಕೊಂಡು ಪಡುವಣ ಬಂಡೆಯ ಬುಡಕ್ಕೆ ಬನ್ನಿ. ತಲೆ ಎತ್ತಿ ನೋಡಿ. ಹೂ ಇನ್ನೂ ಬಾಡಿಲ್ಲ, ಕೆಳಗಿನಿಂದಲೇ ಕಾಣುತ್ತದೆ. ಕಂಡದ್ದನ್ನು ಕಂಡೆವೆಂದು ಬರೆಯಿರಿ. ಅದಾಗದಿದ್ದರೆ, ಅಣ್ಣನಿಗೆ ಕಳಿಸಿದಂಥದೇ ಸಮನ್ಸನ್ನು ಆ ಕಲ್ಲುಮಣ್ಣು ನೂಕಿದವರಿಗೂ ಕಳಿಸಿ. ಅದೂ ಆಗದಿದ್ದರೆ ಕಾನೂನನ್ನಾದರೂ ತಿದ್ದಿ, ಈ ಗಿಡವನ್ನು ಸಾಯುವಾಗ ಹಿಡಿದುಕೊಳ್ಳಬಾರದು, ಉಳಿದಂತೆ ಏನು ಬೇಕಾದರೂ ಮಾಡಬಹುದು ಎಂದು ಸ್ಪಷ್ಟವಾಗಿ ಬರೆದುಬಿಡಿ.

ನೀವು ಬರುವುದಿಲ್ಲವೆಂದು ನನಗೆ ಗೊತ್ತು. ಬರುವವರಾಗಿದ್ದರೆ ನಿನ್ನೆ ಮಧ್ಯಾಹ್ನ ಲಾರಿಗಳು ನಮ್ಮ ಬೀದಿಗೆ ಬರುತ್ತಿರಲಿಲ್ಲ. ಸಹಿಗೆ ಮೊದಲೇ ಬಂದು ಸಾಲಾಗಿ ನಿಂತಿವೆ. ಅಂಗಡಿಯ ಬಾಗಿಲಲ್ಲಿ ಕೂತಿದ್ದ ಅಣ್ಣ ಅವುಗಳನ್ನು ಕಂಡು ಎದ್ದು, ಕುರ್ಚಿಯನ್ನು ಒಳಕ್ಕೆ ಎಳೆದುಕೊಂಡು, ಬೀದಿಗೆ ಬೆನ್ನು ಹಾಕಿ ಕೂತ. ಇವತ್ತೂ ಹಾಗೆಯೇ ಕೂತಿದ್ದಾನೆ.

ಇಂತಿ,
ನಿಮ್ಮ ಕಡತದ ಏಕೈಕ ಅಪರಾಧಿಯ ತಂಗಿ,
ಇನ್ನೂ ಕಾಲು ಜಾರದ ಕಾರಣ ಸದ್ಯಕ್ಕೆ ನಿರಪರಾಧಿ,
ದೊಲೋರಿಸ್ ಬಯಾದಾ