ಸೋತರೆ ಪಾಸಾಗುವ ಪರೀಕ್ಷೆ

ಸುಮಕ್ಕಾ,

ನಿನ್ನ ಕುರ್ಚಿಯಲ್ಲಿ ಕೂತ ಮೊದಲ ದಿನ ಯಾವ ಕೀಲಿ ಒತ್ತಬೇಕೆಂದೇ ನನಗೆ ತಿಳಿಯಲಿಲ್ಲ. ಮುಂಡಗೋಡದ ನಮ್ಮ ಆಸ್ಪತ್ರೆಯಿಂದ ಹುಬ್ಬಳ್ಳಿಯ ರಕ್ತನಿಧಿಗೆ ಕಂಪ್ಯೂಟರಿನಲ್ಲೇ ಬೇಡಿಕೆ ಹೋಗುವಂತೆ ನೀನು ಬರೆದ ಪ್ರೋಗ್ರಾಂ, ಜ್ವರದಲ್ಲಿ ನೀನು ತೀರಿಹೋದಮೇಲೆ ನನ್ನ ಕೊರಳಿಗೆ ಬಿತ್ತು. ಅಕ್ಕನಿಗೆ ಬಂದದ್ದು ತಂಗಿಗೂ ಬಂದೀತು ಅಂದುಕೊಂಡರು. ಎಲ್ಲಿ ಬರುತ್ತದೆ?

ನೀನು ಕಲಿಸಿದ ಆ ವಿಚಿತ್ರ ಪರೀಕ್ಷೆ ನೆನಪಿದೆಯಾ? ಉಳಿದವೆಲ್ಲ ಬೇಡಿಕೆ ತಲುಪಿದರೆ ಪಾಸು. ಅದೊಂದು ಮಾತ್ರ ಯಾರೂ ಇಲ್ಲದ ವಿಳಾಸಕ್ಕೆ ಬೇಡಿಕೆ ಕಳಿಸುತ್ತಿತ್ತು. ಪ್ರೋಗ್ರಾಂ 'ತಲುಪಲಿಲ್ಲ' ಎಂದರೇ ಪಾಸು. ನಾನು ನಕ್ಕಾಗ ನೀನು ಅಂದಿದ್ದೆ, "ನಗಬ್ಯಾಡ. ಲೈನ್ ಹೋಗೂದು ಹೋಗತೈತಿ. ಆಗೂ 'ತಲುಪೈತಿ' ಅಂತ ಇದು ಸುಳ್ಳು ಹೇಳಿದ್ರ ಮಂದಿ ಸಾಯ್ತಾರ."

ಕಳೆದ ಮಳೆಗಾಲದಲ್ಲಿ ಹೊರಗಿನ ಕಂಪನಿಯವರು ನಿನ್ನದನ್ನು ತಿದ್ದಿದ ಹೊಸ ಪ್ರೋಗ್ರಾಂ ಬಂತು. ನಿನ್ನ ಪರೀಕ್ಷೆಗಳನ್ನೆಲ್ಲ ಓಡಿಸಿದೆ. ಎಲ್ಲ ಹಸಿರು, ಅದೊಂದೇ ಕೆಂಪು. ಯಾರೂ ಇಲ್ಲದ ಕಡೆ ಕಳಿಸಿ 'ತಲುಪಿದೆ' ಅನ್ನುತ್ತಿತ್ತು ಅಕ್ಕಾ! ಆಸ್ಪತ್ರೆಯ ಮ್ಯಾನೇಜರನ್ನು ಕರೆದು ತೋರಿಸಿದೆ.

"ಒಂದ ಅಲ್ಲೇನ್ರೀ ಫೇಲಾಗಿದ್ದು? ಅದನ್ನ ತಗದ ಹಾಕ್ರಿ. ನಾಳಿಂದ ಚಾಲೂ ಆಗ್ಬೇಕು," ಎಂದರು ಮ್ಯಾನೇಜರ್.

"ಆಗಂಗಿಲ್ರೀ ಸರ್."

"ಏನಂದ್ರಿ?"

"ಇದು ಸುಳ್ಳು ಹೇಳಾಕತ್ತೈತ್ರೀ."

ಕೆಲಸ ಹೋದರೆ? ನಾನೇ ತಪ್ಪು ತಿಳಿದಿದ್ದರೆ... ಅವರು ನನ್ನ ಮುಖ ನೋಡಿದರು. "ಸರಿ ಮಾಡಿ ಹೇಳ್ರಿ," ಎಂದು ಎದ್ದುಹೋದರು. ಹುಡುಕಿದಾಗ ಸಿಕ್ಕಿತು. ಸಂಪರ್ಕ ಸಿಗದಿದ್ದರೆ ಆ ದೋಷವನ್ನು ಹೊಸ ಪ್ರೋಗ್ರಾಂ ಸದ್ದಿಲ್ಲದೆ ನುಂಗಿ 'ತಲುಪಿದೆ' ಅಂದುಬಿಡುತ್ತಿತ್ತು. ಸರಿಪಡಿಸಿದೆ.

ಆಮೇಲೆ ಮಳಗಿ ಊರಿನ ಗಂಗವ್ವನನ್ನು ಕರೆತಂದ ಮಧ್ಯಾಹ್ನವನ್ನು ಹೇಗೆ ಹೇಳಲಿ? ಹೆರಿಗೆಯಾಗಿ ರಕ್ತ ನಿಲ್ಲುತ್ತಿರಲಿಲ್ಲ. ಬೇಡಿಕೆ ಕಳಿಸಿದೆ. ರಸ್ತೆ ಅಗೆಯುವವರು ಕೇಬಲ್ ಕಡಿದಿದ್ದರಂತೆ, ನಮಗೇನು ಗೊತ್ತು? ಪರದೆಯ ಮೇಲೆ ಬಂತು: 'ತಲುಪಲಿಲ್ಲ'. ಒಳಗೆ ಓಡಿದೆ. ಡಾಕ್ಟರರ ಮೊಬೈಲಿನಿಂದ ಹುಬ್ಬಳ್ಳಿಗೆ ಹೇಳಿದೆವು. ರಕ್ತ ಹೊತ್ತ ಗಾಡಿ ಅಲ್ಲಿಂದ ಹೊರಟಿತು. 'ತಲುಪಿದೆ' ಎಂದಿದ್ದರೆ ನಾವೆಲ್ಲ ಬಾಗಿಲು ನೋಡುತ್ತ ಕೂತಿರುತ್ತಿದ್ದೆವು, ಅವಳು... ಬದುಕಿದಳು ಅಕ್ಕಾ. ಕೂಸೂ ಚೆನ್ನಾಗಿದೆ.

ನಿನಗೆ ಹೇಳದ ಸುದ್ದಿಯೊಂದು ಉಳಿದಿದೆ. ನನಗೀಗ ಏಳು ತಿಂಗಳು. ಮೈಯಲ್ಲಿ ರಕ್ತ ಕಡಿಮೆ ಅಂತ ಡಾಕ್ಟರರು ಹೇಳಿದ್ದಾರೆ. "ಹೆರಿಗಿಗೆ ಹುಬ್ಬಳ್ಳಿಗೇ ಹೋಗೂಣು" ಅಂತಾಳೆ ಅವ್ವ. ನೋವು ಶುರುವಾದಮೇಲೆ ಅಷ್ಟು ದೂರ ಹೋಗುವಷ್ಟು ಹೊತ್ತು ಸಿಗುತ್ತದೆಯೋ ಇಲ್ಲವೋ. ನಿನ್ನ ಪರೀಕ್ಷೆಯನ್ನು ಯಾರಿಗೂ ತೆಗೆಯಗೊಡುವುದಿಲ್ಲ, ಮಾತು ಕೊಡುತ್ತೇನೆ. ಆದರೂ ಹೆದರಿಕೆ. ಇಲ್ಲೇ ಹೆರಿಗೆಯಾದರೆ ಬೇಡಿಕೆ ಕಳಿಸುವವರು ಬೇರೆ ಯಾರೋ; 'ತಲುಪಲಿಲ್ಲ' ಎಂದು ಬಂದರೆ ಅದನ್ನು ನೋಡಿ ಓಡಿಬರುತ್ತಾರೋ ಇಲ್ಲವೋ. ನಾನು ಒಳಗೆ ಮಲಗಿರುತ್ತೇನೆ.