ಎರಡನೆಯ ಹೇಳಿಕೆ

ಪುಟ್ಟೀ,

‘ದೊಡ್ಡದರ ವರ್ಗವೂ ದೊಡ್ಡದೇ’ ಎಂದೇನೋ ನೀನು ಹೇಳಿಕೊಟ್ಟ ನೆನಪು. ಪೂರ್ತಿ ಹಾಗೇ ಹೇಳಿದ್ದೆಯಾ? ಮೈನಸ್ ಐದಕ್ಕಿಂತ ಮೂರು ದೊಡ್ಡದು. ವರ್ಗ ಮಾಡಿದರೆ ಒಂಬತ್ತು, ಇಪ್ಪತ್ತೈದು. ಎಲ್ಲ ತಲೆಕೆಳಗು. ಷರತ್ತು ಬಿಟ್ಟು ಸಾಲನ್ನಷ್ಟೇ ಪದ್ಯದಂತೆ ಬಾಯಿಪಾಠ ಮಾಡಿದ್ದೇನೆ.

ಇಬ್ಬರೂ ಕಟ್ಟಿದ ಪ್ರವೇಶ ಪರೀಕ್ಷೆಗೆ ಕಲಿಸಿದವಳು ನೀನು, ಅಣಕು ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದದ್ದು ನನಗೆ. ‘ನನ್ನ ಪರೀಕ್ಷೇನಾದ್ರೂ ನನಗೆ ಬಿಡಮ್ಮಾ’ ಎಂದು ನೀನು ಗೆಳತಿಯ ಕೋಣೆಗೆ ಹೊರಟುಹೋದೆ. ಅಂದಿನಿಂದ ಕೂತಲ್ಲಿ ಕೂರಲಾಗದೆ ಒಂದೇ ಲೆಕ್ಕ ಹಿಡಿದು ಓಡಾಡುತ್ತಿದ್ದೇನೆ. ಎಕ್ಸ್ ವೈಗಿಂತ ದೊಡ್ಡದೇ? ಹೇಳಬೇಕಾದ್ದು ಇಷ್ಟೇ: ಅದನ್ನು ತೀರ್ಮಾನಿಸಲು ಕೊಟ್ಟ ಎರಡು ಹೇಳಿಕೆಗಳು ಸಾಕೇ, ಸಾಲದೇ? ಒಂದು, ಎಕ್ಸ್‌ನ ವರ್ಗ ವೈಯ ವರ್ಗಕ್ಕಿಂತ ದೊಡ್ಡದು. ಎರಡು, ಎಕ್ಸ್‌ಗೆ ವಾಸ್ತವ ವರ್ಗಮೂಲವಿದೆ. ಎರಡನೆಯದರಲ್ಲಿ ಏನೂ ಇಲ್ಲವೆಂದುಕೊಂಡು ‘ಸಾಲದು’ ಎಂದು ಬರೆದೆ. ತಪ್ಪು. ವರ್ಗಮೂಲವಿದ್ದರೆ ಎಕ್ಸ್ ಮೈನಸ್ ಆಗಲಾರದು. ಅಷ್ಟು ತಿಳಿದರೆ ಎರಡೂ ಸೇರಿ ಸಾಕು.

ಭಾನುವಾರ ಇಬ್ಬರಿಗೂ ಒಂದೇ ಕೇಂದ್ರ. ನೀನು ಬೇಡವೆಂದರೆ ನಾನು ಪರೀಕ್ಷೆ ಬರೆಯುವುದಿಲ್ಲ. ಬಾ ಎಂದರೆ ಬೇರೆ ಬಸ್ಸಿನಲ್ಲಿ ಬರುತ್ತೇನೆ. ನಿನ್ನ ಕೈಗಡಿಯಾರಕ್ಕೆ ಹೊಸ ಸೆಲ್ ಹಾಕಿಸಿದ್ದೇನೆ, ಬಂದು ತೆಗೆದುಕೊಂಡು ಹೋಗು. ಒಳಗೆ ಬರಲೇಬೇಕೆಂದಿಲ್ಲ, ಬಾಗಿಲಲ್ಲೇ ಕೊಡುತ್ತೇನೆ.

ನಿನ್ನ
ಅಮ್ಮ

ಕಾಗದ ಮಡಿಚುತ್ತಿದ್ದಾಗ ಎದುರುಮನೆ ಅಜ್ಜಿ ಬಾಗಿಲು ಬಡಿದರು: ‘ನಿನ್ ಮಗಳು ಇಷ್ಟೊತ್ತೂ ಮೆಟ್ಟಿಲ ಮೇಲೆ ಕೂತಿದ್ಲಲ್ಲೇ! ಬೆಲ್ ಒತ್ತೇ ಅಂದ್ರೆ, “ಅಮ್ಮ ಲೆಕ್ಕ ಮಾಡ್ತಿರ್ತಾಳೆ ಅಜ್ಜಿ, ಅರ್ಧಕ್ಕೆ ಎಬ್ಬಿಸಬಾರ್ದು” ಅಂತ ಹೋಗ್ಬಿಟ್ಲು.’