ಕೂತವಳ ಅಳತೆ

ಹೊಟ್ಟೆ ಉರಿಯುತ್ತಿದೆ ಕಣೆ ಚಿನ್ನಿ, ಓದಲು ನೀನಿಲ್ಲದಿದ್ದರೂ ನಿನಗೇ ಬರೆಯುತ್ತಿದ್ದೇನೆ. ನಿನ್ನ ಹಾಗೆ ವೀಲ್‌ಚೇರ್‌ನಲ್ಲಿ ಕೂತವರಿಗೆ, ಕೈ ಎತ್ತಲಾಗದವರಿಗೆ ಒಪ್ಪುವ ಬಟ್ಟೆ ಹೊಲಿದುಕೊಡುವ ಸ್ಟೈಲಿಸ್ಟ್ ಎಂದು ನಾನು ಬೋರ್ಡು ಹಾಕಿಕೊಂಡಿದ್ದು ತಂಗಿಯಾದ ನಿನ್ನಿಂದಲೇ ತಾನೆ?

ಇವತ್ತು ದೊಡ್ಡ ಅಂಗಡಿಯೊಂದು ಮೊದಲ ಸಲ ನನ್ನ ಹಳದಿ ಕೋಟನ್ನು ಗಾಜಿನ ಹಿಂದೆ ಇಟ್ಟಿತು. ನಿನಗೆ ಹೊಲಿಯುತ್ತಿದ್ದ ಅದೇ ಕಟಿಂಗ್: ಕೂತಾಗ ಮಡಿಲಲ್ಲಿ ಮುದ್ದೆಯಾಗದಂತೆ ಮುಂದೆ ಗಿಡ್ಡ, ಹಿಂದೆ ಉದ್ದ. ಆದರೆ ಅದನ್ನು ನಿಂತ ಬೊಂಬೆಗೆ ತೊಡಿಸಿದ್ದರು. ನೋಡಿದವರೆಲ್ಲ ಮುಸಿಮುಸಿ ನಗುತ್ತಿದ್ದರು.

“ಬೊಂಬೇನ ಕುರ್ಚಿ ಮೇಲೆ ಕೂರಿಸಿ ಸಾರ್,” ಅಂದೆ.

“ಕೂತಿರೋ ಬೊಂಬೆ ನೋಡಿ ಯಾರಮ್ಮ ಒಳಗೆ ಬರ್ತಾರೆ? ಮುಂದೆ ಉದ್ದ ಮಾಡಿಕೊಡಿ, ಇಲ್ಲಾಂದ್ರೆ ತಗೊಂಡು ಹೋಗಿ,” ಅಂದರು ಮಾಲೀಕರು.

ಅಲ್ಲೇ ಕೂತು ಬಟ್ಟೆ ಜೋಡಿಸಿ ಉದ್ದ ಮಾಡಿಕೊಟ್ಟೆ. ಈಗ ಅದು ನಿಂತವರಿಗೆಲ್ಲ ಒಪ್ಪುತ್ತದೆ.

ನಿನ್ನನ್ನು ಕೊನೆಯ ಸಲ ಮಲಗಿಸಿದಾಗ ನಿನ್ನ ಮೈಮೇಲಿದ್ದದ್ದೂ ಇಂಥದ್ದೇ ಕೋಟು. ಚಿಕ್ಕಮ್ಮ ಅದರ ಅಂಚನ್ನು ಕೆಳಗೆ ಎಳೆದೂ ಎಳೆದೂ ಸಾಕಾಗಿ, “ಇದೇನೇ, ಸ್ವಂತ ತಂಗಿಗೇ ಇಷ್ಟು ಗಿಡ್ಡ ಹೊಲಿದಿದ್ದೀಯಲ್ಲೇ?” ಎಂದಿದ್ದರು.

ಅವಳು ಎದ್ದು ಕೂತರೆ ಸರಿಹೋಗುತ್ತೆ ಚಿಕ್ಕಮ್ಮ ಎನ್ನಲು ಬಾಯಿ ತೆರೆದಿದ್ದೆ.